ಹನ್ನೊಂದರಿಂದ ಮೂವತ್ತಕ್ಕೆ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಹೈಸ್ಕೂಲು ಮುಗಿಸೋಕೆ ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ತರಹದ ಒಂದು ದೊಡ್ಡ ಪರೀಕ್ಷೆ ಇಲ್ಲ. ಒಂಬತ್ತನೇ ಗ್ರೇಡಿನಿಂದ ಹನ್ನೆರಡರವರೆಗೆ 30 ಕ್ರೆಡಿಟ್ ಕೂಡಿಸಬೇಕು. ವರ್ಷಕ್ಕೆ 8 ಕೋರ್ಸು. 50 ಪರ್ಸೆಂಟ್ ಬಂದರೆ ಆ ಕೋರ್ಸಿನ ಕ್ರೆಡಿಟ್ ನಿಮ್ಮದು. ಜೊತೆಗೆ ಓದು-ಬರಹದ ಒಂದು ಪರೀಕ್ಷೆ, 40 ಗಂಟೆ ಸಮಾಜಸೇವೆ. ನಾಲ್ಕು ವರ್ಷಕ್ಕೆ 32 ಕೋರ್ಸು ಆಗುತ್ತದೆ, 30 ಸಾಕು. ಎರಡು ಹೋದರೂ ನಡೆಯುತ್ತದೆ.

2022ರ ಜೂನ್‌ನಲ್ಲಿ ನನ್ನ ಮಗ ಹತ್ತನೇ ಗ್ರೇಡು ಮುಗಿಸಿದಾಗ ಅವನ ಹತ್ತಿರ 16 ಕ್ರೆಡಿಟ್ ಇರಬೇಕಿತ್ತು. ಇದ್ದದ್ದು 11. ಅದು ಮೂವತ್ತಾಗೋಕೆ ನೆರವಾಗಿದ್ದು ಡ್ಯುಯಲ್ ಕ್ರೆಡಿಟ್, ಅಂದರೆ ಒಂದೇ ಕೋರ್ಸು ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಯೋಜನೆ.

ಹಾಸನದಿಂದ ಒಂಟಾರಿಯೋದ ಬ್ರಾಂಪ್ಟನ್‌ಗೆ ಬಂದಾಗ ಅವನು ನಾಲ್ಕನೇ ಗ್ರೇಡಿಗೆ ಸೇರಿದ್ದ. ಎಂಟರವರೆಗೆ ಯಾವ ತಕರಾರೂ ಇರಲಿಲ್ಲ. ಹೈಸ್ಕೂಲು ಶುರುವಾಗಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಮಧ್ಯೆ. ಒಂದಷ್ಟು ದಿನ ಶಾಲೆ, ಒಂದಷ್ಟು ದಿನ ಲ್ಯಾಪ್‌ಟಾಪು. 2021ರ ಏಪ್ರಿಲ್‌ನಲ್ಲಿ ಇಡೀ ಪ್ರಾಂತ್ಯದಲ್ಲಿ ಶಾಲೆ ಮುಚ್ಚಿದರು, ಆ ಬೇಸಿಗೆ ರಜೆಯವರೆಗೂ ತೆರೆಯಲಿಲ್ಲ. ಕ್ಯಾಮೆರಾ ಆಫ್, ಮೈಕ್ ಆಫ್, ಹುಡುಗ ಹಾಸಿಗೆಯಲ್ಲಿ. ಮಾರನೇ ವರ್ಷ ಶಾಲೆ ತೆರೆಯಿತು. ಇವನ ಮೈ ಮಾತ್ರ ಅಲ್ಲಿಗೆ ಹೋಗುತ್ತಿತ್ತು.

ಪುಂಡ ಹುಡುಗ ಅಂತ ತಿಳಿಯಬೇಡಿ. ಜಗಳ ಇಲ್ಲ, ಚಟ ಇಲ್ಲ. ಬೆಳಗ್ಗೆ ಎದ್ದು ಹೋಗುತ್ತಿದ್ದ. ಎರಡನೇ ಪಿರಿಯಡ್ ಆದ ಮೇಲೆ ಎದ್ದು ಹೊರಟುಬಿಡುತ್ತಿದ್ದ. ಕಾಫಿ ಅಂಗಡಿ ಟಿಮ್ ಹಾರ್ಟನ್ಸ್‌ನಲ್ಲಿ ಕೂರೋದು, ಇಲ್ಲವಾದರೆ ಸುಮ್ನೆ ಬಸ್ಸಿನಲ್ಲಿ ಒಂದು ರೌಂಡು ಹೊಡೆಯೋದು. ಸಂಜೆ ನನ್ನ ಫೋನಿಗೆ ಶಾಲೆಯ ರೆಕಾರ್ಡೆಡ್ ಕರೆ ಬರುತ್ತಿತ್ತು: ನಿಮ್ಮ ವಿದ್ಯಾರ್ಥಿ ಇವತ್ತು ಒಂದು ಅಥವಾ ಹೆಚ್ಚು ಪಿರಿಯಡ್‌ಗೆ ಗೈರುಹಾಜರಾಗಿದ್ದಾರೆ. ಆ ಹೆಂಗಸಿನ ದನಿ ನನಗೆ ಬಾಯಿಪಾಠವಾಗಿತ್ತು. ಯಾಕೋ ಹೀಗೆ ಮಾಡ್ತೀಯ ಅಂದರೆ, "ಅಲ್ಲಿ ಕೂತ್ಕೊಂಡು ಏನ್ ಮಾಡ್ಲಿ ಅಮ್ಮಾ?" ಅನ್ನುತ್ತಿದ್ದ. ಸಿಟ್ಟಿನಿಂದ ಅಲ್ಲ. ನಿಜವಾಗಿ ಗೊತ್ತಿಲ್ಲದವನ ಹಾಗೆ.

ಇಲ್ಲಿ 18 ತುಂಬುವವರೆಗೆ ಶಾಲೆಗೆ ಹೋಗಲೇಬೇಕು, 2006ರಲ್ಲಿ ಆದ ಕಾನೂನು. ಮೊದಲು 16 ಇತ್ತು. ವಯಸ್ಸಿನ ಮಿತಿ ಏರಿಸಿದ ಮೇಲೆ, ಮನಸ್ಸಿಲ್ಲದ ಮಕ್ಕಳನ್ನು ಇನ್ನೂ ಎರಡು ವರ್ಷ ಇಟ್ಟುಕೊಂಡು ಏನು ಮಾಡೋದು ಅನ್ನುವ ಪ್ರಶ್ನೆ ಎದ್ದೇಳಲೇಬೇಕಲ್ವಾ? ಡ್ಯುಯಲ್ ಕ್ರೆಡಿಟ್ ಅನ್ನೋದು ಅದಕ್ಕೆ ಸರ್ಕಾರ ಹುಡುಕಿಕೊಂಡ ಉತ್ತರಗಳಲ್ಲಿ ಒಂದು. ನನಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ: ಹನ್ನೊಂದನೇ ಗ್ರೇಡಿನ ಅಕ್ಟೋಬರ್‌ನಲ್ಲಿ ಶಾಲೆಯಿಂದ ಕರೆ ಬಂತು, ಈ ಸಲ ರೆಕಾರ್ಡಿಂಗ್ ಅಲ್ಲ, ಮನುಷ್ಯರು. "ನಾನು ಸ್ಟೂಡೆಂಟ್ ಸಕ್ಸೆಸ್ ಟೀಚರ್, ಒಂದರ್ಧ ಗಂಟೆ ಬರಕ್ಕಾಗುತ್ತಾ?" ಅಂದರು.

ಇಲ್ಲಿನ ಪ್ರತಿ ಸರ್ಕಾರಿ ಹೈಸ್ಕೂಲಿನಲ್ಲೂ ಇಂಥ ಒಬ್ಬ ಟೀಚರ್ ಇರುತ್ತಾರೆ. ಗೈಡೆನ್ಸ್ ಕೌನ್ಸೆಲರ್ ಬೇರೆ, ಇವರು ಬೇರೆ. ಕೌನ್ಸೆಲರ್‌ಗೆ ನೂರಾರು ಮಕ್ಕಳು. ಇವರ ಕೆಲಸ ಜಾರುತ್ತಿರುವವರನ್ನು ಹಿಡಿಯೋದು. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಮೇಜಿನ ಮೇಲೆ ಒಂದು ಹಾಳೆ ಇಟ್ಟರು, ಅಷ್ಟೇ. ಮೂವತ್ತು ಚೌಕ. ಹದಿನೆಂಟು ಒಂದು ಬಣ್ಣ, ಅವು ಆಗ ಕಡ್ಡಾಯ: ಇಂಗ್ಲಿಷ್ ನಾಲ್ಕು, ಗಣಿತ ಮೂರು, ವಿಜ್ಞಾನ ಎರಡು, ಹೀಗೆ. ಹನ್ನೆರಡು ಇನ್ನೊಂದು ಬಣ್ಣ, ಅವು ಐಚ್ಛಿಕ. ಅವನಿಗೆ ಸಿಕ್ಕ ಹನ್ನೊಂದಕ್ಕೆ ಟಿಕ್ ಹಾಕಿದ್ದರು.

ಎರಡು ವರ್ಷದಲ್ಲಿ ಅವನ ಬಗ್ಗೆ ಶಾಲೆಯಿಂದ ಬಂದ ಕಾಗದವೆಲ್ಲ ಏನಿಲ್ಲ ಅಂತಲೇ ಹೇಳುತ್ತಿತ್ತು. ಇದೊಂದು ಏನಿದೆ ಅಂತ ಹೇಳಿತು. ಮಗನೂ ಪಕ್ಕದಲ್ಲೇ ಕೂತಿದ್ದ. ಬಗ್ಗಿ ನೋಡಿದ. "ಹನ್ನೊಂದಿದ್ಯಾ? ನಾನು ಏಳೋ ಎಂಟೋ ಅಂದ್ಕೊಂಡಿದ್ದೆ" ಅಂದ. ಆ ಟೀಚರ್ ನಕ್ಕರು.

ಆಮೇಲೆ ಅವರು ವಿವರಿಸಿದರು. ಒಂಟಾರಿಯೋದಲ್ಲಿ 24 ಸಾರ್ವಜನಿಕ ಕಾಲೇಜುಗಳಿವೆ. ಇಲ್ಲಿ ಕಾಲೇಜು ಅಂದರೆ ಯೂನಿವರ್ಸಿಟಿ ಅಲ್ಲ, ಹೆಚ್ಚುಕಡಿಮೆ ನಮ್ಮ ಪಾಲಿಟೆಕ್ನಿಕ್ ಇದ್ದ ಹಾಗೆ. ಹೈಸ್ಕೂಲಿನಲ್ಲಿ ಇರುವಾಗಲೇ ಈ ಕಾಲೇಜಿಗೆ ಹೋಗಿ ಒಂದು ಕೋರ್ಸು ಮಾಡಬಹುದು. ಪಾಸಾದರೆ ಅದೇ ಕೋರ್ಸು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಹೈಸ್ಕೂಲಿನ ಮೂವತ್ತರಲ್ಲಿ ಒಂದು, ಮುಂದೆ ಕಾಲೇಜು ಸೇರಿದರೆ ಅಲ್ಲಿನ ಡಿಪ್ಲೊಮಾದಲ್ಲಿ ಒಂದು. ಫೀಸು ಇಲ್ಲ. ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ. ಬಸ್ಸಿಗೂ ಅವರೇ ಕೊಡುತ್ತಾರೆ. ಶಿಕ್ಷಣ ಇಲಾಖೆ ಮತ್ತು ಕಾಲೇಜುಗಳ ಇಲಾಖೆ ಸೇರಿ ನಡೆಸುವ ಸ್ಕೂಲ್ ಕಾಲೇಜ್ ವರ್ಕ್ ಇನಿಷಿಯೇಟಿವ್ ಅನ್ನುವ ಯೋಜನೆ ಅದರ ಖರ್ಚು ನೋಡಿಕೊಳ್ಳುತ್ತದೆ.

ನಾನು ಕೇಳಿದ್ದು ಯಾವ ತಾಯಿಯಾದರೂ ಕೇಳೋದನ್ನೇ. ಹೈಸ್ಕೂಲೇ ಪಾಸ್ ಮಾಡದವನು ಕಾಲೇಜು ಹೇಗೆ ಪಾಸ್ ಮಾಡುತ್ತಾನೆ?

ಅವರು ಕೊಟ್ಟ ಉತ್ತರದಲ್ಲಿ ಉಪದೇಶ ಇರಲಿಲ್ಲ. ಈ ಯೋಜನೆ ಮೊದಲ ರ‍್ಯಾಂಕಿನವರಿಗಾಗಿ ಅಲ್ಲ ಅಂದರು. ಓದುವ ಶಕ್ತಿ ಇದೆ, ಆಸಕ್ತಿ ಹೋಗಿದೆ, ಹೀಗೇ ಬಿಟ್ಟರೆ ಹೈಸ್ಕೂಲಿನ ಡಿಪ್ಲೊಮಾನೇ ಇಲ್ಲದೆ ಹೊರಗೆ ಹೋಗುತ್ತಾರೆ, ಅಂಥವರಿಗೇ ಮೊದಲ ಜಾಗ. ಅಮೆರಿಕದಲ್ಲಿ ಡ್ಯುಯಲ್ ಎನ್‌ರೋಲ್‌ಮೆಂಟ್ ಅಂತ ಜಾಣ ಮಕ್ಕಳು ಕಾಲೇಜು ಕ್ರೆಡಿಟ್ ಮೊದಲೇ ಗಿಟ್ಟಿಸಿಕೊಳ್ಳೋದನ್ನು ಕೇಳಿದ್ದೆ, ಡಲ್ಲಾಸ್‌ನಲ್ಲಿರುವ ನನ್ನ ಓರಗಿತ್ತಿಯ ಮಗಳು ಮಾಡಿದ್ದಳು. ಇಲ್ಲಿ ಲೆಕ್ಕ ಉಲ್ಟಾ. ಕಡಿಮೆ ಕ್ರೆಡಿಟ್ ಇರೋದೇ ಅರ್ಹತೆ. ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಅವರು ಇನ್ನೊಂದು ಮಾತೂ ಹೇಳಿದರು, ಅದನ್ನು ಬರೆದಿಟ್ಟುಕೊಳ್ಳಿ. ಈ ಕ್ರೆಡಿಟ್‌ಗಳು ಐಚ್ಛಿಕದ ಚೌಕದಲ್ಲಿ ಮಾತ್ರ ಕೂರುತ್ತವೆ, ಅದೂ ನಾಲ್ಕರವರೆಗೆ. ಇಂಗ್ಲಿಷ್, ಗಣಿತಕ್ಕೆ ಬದಲಿ ಅಲ್ಲ. ಅವನ್ನು ಮಾಡಲೇಬೇಕು.

ಕೋರ್ಸುಗಳ ಪಟ್ಟಿ ಕೊಟ್ಟರು. ವೆಲ್ಡಿಂಗ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಕೇಶವಿನ್ಯಾಸ, ಮಕ್ಕಳ ಪಾಲನೆ, ಬೇಕಿಂಗ್. ನಮ್ಮನೆಯವರ ಕಣ್ಣು ಎಲೆಕ್ಟ್ರಿಕಲ್ ಮೇಲೆ. ಮಗ ಬೇಕಿಂಗ್ ಅಂದ. ಕಾರಣ ಕೇಳಿದರೆ, ಅದು ಗುರುವಾರ ಪೂರ್ತಿ ದಿನ ಇದೆ, ಗುರುವಾರ ಶಾಲೆಗೆ ಬರಬೇಕಿಲ್ಲ ಅಂದ. ಇಷ್ಟೇ ಕಾರಣ. ಮುಂದೆ ಬೇಕರ್ ಆಗುವ ಕನಸು ಕಂಡ ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ.

ಊರಿಗೆ ಫೋನ್ ಮಾಡಿದಾಗ ಅತ್ತೆಗೆ ಹೇಳಿದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, "ಅಲ್ಲಮ್ಮಾ, ಬೆಂಗಳೂರು ತುಂಬ ಬೇಕರಿ ಇಟ್ಟೋರು ನಮ್ಮ ಹಾಸನದ ಕಡೆಯೋರು. ಬನ್ ಮಾಡೋದು ಕಲಿಯಕ್ಕೆ ಕೆನಡಾಕ್ಕೆ ಹೋಗ್ಬೇಕಿತ್ತಾ?" ಅಂದರು. ಮಾತು ನಿಜವೇ. ಅಯ್ಯಂಗಾರ್ ಬೇಕರಿಗಳ ಬೇರು ಇರೋದು ನಮ್ಮ ಜಿಲ್ಲೆಯಲ್ಲೇ. "ಮೊಟ್ಟೆ ಮುಟ್ಟುತಾನಾ?" ಅಂತ ಮುಂದಿನ ಪ್ರಶ್ನೆ. ಮುಟ್ಟುತಾನೆ ಅತ್ತೆ ಅಂದೆ. ಅಲ್ಲಿಗೆ ಆ ಕರೆ ಮುಗಿಯಿತು.

ಅರ್ಜಿಯಲ್ಲಿ ದೊಡ್ಡ ಕಷ್ಟ ಏನಿಲ್ಲ. ಒಂದು ಫಾರ್ಮು, ಅದರಲ್ಲಿ ಶಾಲೆಯ ಭಾಗ, ನಮ್ಮ ಸಹಿ, ಮಗ ಬರೆಯಬೇಕಾದ ನಾಲ್ಕು ಸಾಲು. ಸಕ್ಸೆಸ್ ಟೀಚರ್ ಅವನ ಜೊತೆ ಕೂತು ಮಾತಾಡಿದರು, ನನ್ನನ್ನು ಹೊರಗೆ ಕೂರಿಸಿ. ಆಯ್ಕೆ ಮಾಡೋದು ಮಾರ್ಕ್ಸ್ ನೋಡಿ ಅಲ್ಲ. ಈ ಹುಡುಗ ಗುರುವಾರ ಬೆಳಗ್ಗೆ ಬಸ್ಸು ಹತ್ತುತ್ತಾನಾ ಅನ್ನೋದನ್ನು ಅಂದಾಜು ಮಾಡಿ. ಆ ಅಂದಾಜು ಮಾಡೋಕೆ ಅವನನ್ನು ಬಲ್ಲ ಒಬ್ಬರು ಶಾಲೆಯಲ್ಲಿ ಇರಬೇಕು. ನಮ್ಮ ಅದೃಷ್ಟಕ್ಕೆ ಇದ್ದರು. ಪಕ್ಕದ ಬೀದಿಯ ಇನ್ನೊಂದು ಕುಟುಂಬದ ಹುಡುಗಿಗೆ ಅವಳ ಶಾಲೆಯಲ್ಲಿ ಈ ಹೆಸರನ್ನೇ ಯಾರೂ ಹೇಳಿರಲಿಲ್ಲ. ಒಂದೇ ಪ್ರಾಂತ್ಯ, ಒಂದೇ ಯೋಜನೆ. ಈ ವ್ಯವಸ್ಥೆ ಬಗ್ಗೆ ನನ್ನ ದೊಡ್ಡ ದೂರು ಇದೇ. ಹೇಳುವವರಿದ್ದರೆ ಬಾಗಿಲು ಇದೆ, ಇಲ್ಲದಿದ್ದರೆ ಗೋಡೆ.

2023ರ ಫೆಬ್ರವರಿಯಲ್ಲಿ ಎರಡನೇ ಸೆಮಿಸ್ಟರ್ ಶುರುವಾಯಿತು. ಆ ಹೊತ್ತಿಗೆ ಮೊದಲ ಸೆಮಿಸ್ಟರಿನಲ್ಲಿ ಇನ್ನೆರಡು ಕ್ರೆಡಿಟ್ ಸೇರಿ ಒಟ್ಟು 13 ಆಗಿತ್ತು. ಹೊಸ ಟೈಮ್‌ಟೇಬಲ್ ಹೀಗಿತ್ತು: ಗುರುವಾರ ಕಾಲೇಜು. ಬಾಕಿ ದಿನ ಬೆಳಗ್ಗೆ ಹನ್ನೊಂದನೇ ಗ್ರೇಡಿನ ಇಂಗ್ಲಿಷ್, ಮಧ್ಯಾಹ್ನ ಕೋ-ಆಪ್, ಅಂದರೆ ಸಂಬಳ ಇಲ್ಲದೆ ಒಂದು ಕಡೆ ಕೆಲಸ ಕಲಿಯೋದು. ಅದಕ್ಕೂ ಎರಡು ಕ್ರೆಡಿಟ್. ಒಂದು ದಿನಸಿ ಅಂಗಡಿಯ ಬೇಕರಿ ವಿಭಾಗದಲ್ಲಿ ಜಾಗ ಸಿಕ್ಕಿತು.

ಕಾಲೇಜಿನವರು ಅವನಿಗೆ ವಿದ್ಯಾರ್ಥಿ ಸಂಖ್ಯೆ ಕೊಟ್ಟರು, ಫೋಟೋ ಇರುವ ಕಾರ್ಡು ಕೊಟ್ಟರು, ಬಿಳಿ ಕೋಟು ಎರವಲು ಕೊಟ್ಟರು. ಕಾರ್ಡನ್ನು ಮನೆಯಲ್ಲಿ ಯಾರೂ ಕೇಳದಿದ್ದರೂ ತೋರಿಸಿದ. ಅವನ ಕ್ಲಾಸಿನಲ್ಲಿ ಬೇರೆ ಬೇರೆ ಹೈಸ್ಕೂಲಿನ ಇಂಥದೇ ಮಕ್ಕಳು. ಪಾಠ ಮಾಡೋದು ಕಾಲೇಜಿನ ಇನ್‌ಸ್ಟ್ರಕ್ಟರ್, ಜೊತೆಗೆ ಶಾಲಾ ಮಂಡಳಿ ಕಡೆಯ ಒಬ್ಬ ಟೀಚರ್ ಹಿಂದೆ ಇರುತ್ತಾರೆ. ಯಾರು ಬಂದಿಲ್ಲ, ಯಾರ ಅಸೈನ್‌ಮೆಂಟು ಬಾಕಿ, ಅದನ್ನೆಲ್ಲ ನೋಡಿಕೊಳ್ಳೋದು ಅವರು. ಇನ್‌ಸ್ಟ್ರಕ್ಟರ್‌ನ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರಂತೆ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯೋದಾ ಅಂತ ನನಗೆ ಇವತ್ತಿಗೂ ಒಂಥರಾ. ಅವನಿಗೆ ಮಾತ್ರ ಅದು ಬಹಳ ಹಿಡಿಸಿತ್ತು. ಬಾತ್‌ರೂಮಿಗೆ ಹೋಗೋಕೆ ಕೇಳಬೇಕಿಲ್ಲ ಅನ್ನೋದು ಇನ್ನೂ ಹಿಡಿಸಿತ್ತು.

ಅಲ್ಲಿ ಏನು ಕಲಿಸುತ್ತಾರೆ ಅಂತ ನನಗೆ ಕುತೂಹಲ. ಕೇಕು ಬಿಸ್ಕತ್ತು ಅಂದುಕೊಂಡಿದ್ದೆ. ಶುರುವಾಗಿದ್ದು ತಕ್ಕಡಿಯಿಂದ. ಕಪ್ಪು, ಚಮಚ ಎಲ್ಲ ಬಂದ್. ನೀರನ್ನೂ ಗ್ರಾಮಿನಲ್ಲೇ ತೂಗಬೇಕು. ಬೇಕರಿಯ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ ನೂರು ಪರ್ಸೆಂಟ್. ಉಳಿದದ್ದೆಲ್ಲ ಹಿಟ್ಟಿನ ಮೇಲೆ. ನೀರು 65 ಅಂದರೆ ಒಂದು ಕಿಲೋ ಹಿಟ್ಟಿಗೆ 650 ಗ್ರಾಂ, ಉಪ್ಪು 2 ಅಂದರೆ 20 ಗ್ರಾಂ. ಒಟ್ಟು ಕೂಡಿದರೆ ನೂರು ದಾಟುತ್ತದೆ. ನಮ್ಮನೆಯವರು ಅಕೌಂಟ್ಸ್‌ನವರು, "ನೂರಕ್ಕಿಂತ ಜಾಸ್ತಿ ಹೇಗೋ ಆಗುತ್ತೆ?" ಅಂತ ವಾದಕ್ಕೆ ಇಳಿದರು. ಮಗ ಅರ್ಧ ಗಂಟೆ ವಿವರಿಸಿದ. ನಮ್ಮ ಮನೆಯಲ್ಲಿ ಗಣಿತದ ಬಗ್ಗೆ ಅವನು ಬಾಯಿ ಬಿಟ್ಟು ಮಾತಾಡಿ ಬಹಳ ಕಾಲ ಆಗಿತ್ತು.

ಆಮೇಲೆ ನೀರಿನ ಬಿಸಿ. ಬ್ರೆಡ್ ಹಿಟ್ಟು ನಾದಿ ಮುಗಿಸಿದಾಗ ಹೆಚ್ಚುಕಡಿಮೆ 25 ಡಿಗ್ರಿ ಇರಬೇಕು. ಯೀಸ್ಟ್ ಹದವಾಗಿ ಕೆಲಸ ಮಾಡೋದು ಆಗ. ಚಳಿಗಾಲದಲ್ಲಿ ಗೋದಾಮಿನಿಂದ ಬರುವ ಹಿಟ್ಟು ತಣ್ಣಗಿರುತ್ತದೆ. ಮಿಕ್ಸರ್ ತಿರುಗಿದಾಗ ಉಜ್ಜಾಟಕ್ಕೇ ಹಿಟ್ಟು ಬಿಸಿಯಾಗುತ್ತದೆ. ನಿಮ್ಮ ಕೈಯಲ್ಲಿರೋದು ನೀರೊಂದೇ. ಅದಕ್ಕೆ ಲೆಕ್ಕ: 25ನ್ನು ಮೂರರಿಂದ ಗುಣಿಸಿ, 75. ಅದರಲ್ಲಿ ಹಿಟ್ಟಿನ ಬಿಸಿ 18, ಕೋಣೆಯದು 20, ಮಿಕ್ಸರಿನದು 12 ಕಳೆಯಿರಿ. ಉಳಿದ 25 ನೀರಿನ ಬಿಸಿ. ನಾನು ಮೂವತ್ತು ವರ್ಷದಿಂದ ದೋಸೆ ಹಿಟ್ಟು ಹುದುಗಿಸುತ್ತಿದ್ದೇನೆ. ಬ್ರಾಂಪ್ಟನ್ ಚಳಿಯಲ್ಲಿ ಓವನ್ ಲೈಟು ಹಾಕಿ ಒಳಗಿಡುತ್ತೇನೆ. ಯಾವತ್ತೂ ಥರ್ಮಾಮೀಟರ್ ಹಾಕಿದವಳಲ್ಲ. ಒಂದು ದಿನ ನೋಡುತ್ತೇನೆ, ನನ್ನ ದೋಸೆ ಹಿಟ್ಟಿನಲ್ಲಿ ಇವನ ಥರ್ಮಾಮೀಟರ್ ನಿಂತಿದೆ!

ಹಾಗಂತ ಎಲ್ಲ ಸುಸೂತ್ರ ನಡೆಯಲಿಲ್ಲ. ಮಾರ್ಚ್‌ನಲ್ಲಿ ಒಂದು ಗುರುವಾರ ಹೋಗಲಿಲ್ಲ. ಹಿಮ, ಬಸ್ಸು ತಡ ಅಂತ ನೆಪ. ನನಗೆ ಯಾವ ಕರೆಯೂ ಬರಲಿಲ್ಲ. ಕಾಲೇಜಿನವರು ಮನೆಗೆ ಫೋನ್ ಮಾಡೋದಿಲ್ಲ. ನಾನು ಕಾಲೇಜಿಗೆ ಫೋನ್ ಮಾಡಿದರೆ, ವಿದ್ಯಾರ್ಥಿಯ ವಿಷಯ ವಿದ್ಯಾರ್ಥಿಯ ಜೊತೆ ಮಾತ್ರ ಅಂತ ನಯವಾಗಿ ಇಟ್ಟುಬಿಟ್ಟರು. ಹದಿನಾರು ವರ್ಷದ ಹುಡುಗ! ನನಗೆ ಮೈಯೆಲ್ಲ ಉರಿಯಿತು. ಅವತ್ತಿನ ಲ್ಯಾಬಿಗೆ ಸೊನ್ನೆ. ಲ್ಯಾಬು ಮತ್ತೆ ಮಾಡಿಸೋದಿಲ್ಲ. ಥಿಯರಿ ಪರೀಕ್ಷೆಯಲ್ಲೂ ಕಡಿಮೆ ಬಂದಿತ್ತು, ಯಾಕೆಂದರೆ ಆಹಾರ ಸುರಕ್ಷತೆಯ ಪಾಠ ಇವನು ಓದೇ ಇರಲಿಲ್ಲ.

ಇಲ್ಲಿ ಒಂದು ಅಪಾಯ ಇದೆ. ಕಾಲೇಜಿನಲ್ಲಿ ಬಂದ ಮಾರ್ಕ್ಸು ಕಾಲೇಜಿನ ದಾಖಲೆಯಲ್ಲೂ ಸೇರುತ್ತದೆ. ಕೋರ್ಸು ಬಿಡೋಕೆ ಒಂದು ಕೊನೆಯ ದಿನಾಂಕ ಇರುತ್ತದೆ. ಅದರೊಳಗೆ ಬಿಟ್ಟರೆ ಸರಿ, ಮೀರಿದರೆ ಫೇಲು ಅಂತಲೇ ಉಳಿಯುತ್ತದೆ. ಬಿಡಿಸೋಣ ಅಂತ ನಾನು ಸಕ್ಸೆಸ್ ಟೀಚರ್‌ಗೆ ಫೋನ್ ಮಾಡಿದೆ. ಅವರಿಗೆ ಮೊದಲೇ ಗೊತ್ತಿತ್ತು, ಶಾಲಾ ಮಂಡಳಿಯ ಟೀಚರ್ ಆ ಮಧ್ಯಾಹ್ನವೇ ಹೇಳಿದ್ದರು. "ಅವನ ಹತ್ತಿರ ಮಾತಾಡಿದ್ದೀನಿ. ಶುಕ್ರವಾರದೊಳಗೆ ಇರ್ತಾನೋ ಬಿಡ್ತಾನೋ ಅವನೇ ಹೇಳ್ತಾನೆ. ದಯವಿಟ್ಟು ನೀವು ಅವನಿಗೆ ಏನೂ ಹೇಳಬೇಡಿ" ಅಂದರು. ಮಕ್ಕಳ ಓದಿನ ವಿಷಯದಲ್ಲಿ ಸುಮ್ಮನಿರಿ ಅಂತ ಹಾಸನದಲ್ಲಿ ಬೆಳೆದ ತಾಯಿಗೆ ಹೇಳೋದು ಸಣ್ಣ ಮಾತಾ? ಆ ವಾರ ಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಜಾಸ್ತಿಯೇ ಇತ್ತು.

ಇರುತ್ತೇನೆ ಅಂದ. ಜೂನ್‌ನಲ್ಲಿ 71 ಬಂತು. ಇಂಗ್ಲಿಷ್ ಕೂಡ ಪಾಸಾಯಿತು, ಕೋ-ಆಪ್ ಎರಡೂ ಸಿಕ್ಕಿದವು. ಹೈಸ್ಕೂಲು ಸೇರಿದ ಮೇಲೆ ಮೊದಲ ಸಲ ಒಂದು ಸೆಮಿಸ್ಟರಿನ ನಾಲ್ಕಕ್ಕೆ ನಾಲ್ಕೂ. 17.

ಬ್ರೆಡ್ಡು ಅವನಿಗೆ ಗಣಿತದ ಮೇಲೆ ಪ್ರೀತಿ ಹುಟ್ಟಿಸಿತು ಅಂತ ನೀವು ಕಾಯುತ್ತಿದ್ದರೆ, ಇಲ್ಲ. ಬೇಕರಿಯ ಪರ್ಸೆಂಟ್ ಲೆಕ್ಕ ನೀರು ಕುಡಿದ ಹಾಗೆ ಮಾಡುತ್ತಿದ್ದವನು, ಹತ್ತನೇ ಗ್ರೇಡಿನ ಫೇಲಾದ ಗಣಿತವನ್ನು ಬೇಸಿಗೆ ಶಾಲೆಯಲ್ಲಿ ಕೂತು ಮುಗಿಸುವಾಗ ಹಲ್ಲು ಕಡಿಯುತ್ತಿದ್ದ. 54 ಬಂತು. 18 ಆಯಿತು. ಕೋರ್ಸು ಹಿಡಿಸೋದು ಬೇರೆ, ಕ್ರೆಡಿಟ್ ಬೇಕು ಅಂತ ಹಿಡಿಸದ್ದನ್ನೂ ಮಾಡೋದು ಬೇರೆ. ಡ್ಯುಯಲ್ ಕ್ರೆಡಿಟ್ ಮೊದಲನೆಯದನ್ನು ಕೊಟ್ಟಿತು. ಎರಡನೆಯದು ಎಲ್ಲಿಂದ ಬಂತು ಅಂದರೆ, ನನ್ನ ಪ್ರಕಾರ ಆ ಮೂವತ್ತು ಚೌಕದ ಹಾಳೆಯಿಂದ. ಅದರ ಫೋಟೋ ಅವನ ಫೋನಿನಲ್ಲಿತ್ತು. ಒಂದೊಂದು ಬಂದಾಗ ಅವನೇ ಟಿಕ್ ಹಾಕುತ್ತಿದ್ದ.

ಹನ್ನೆರಡನೇ ಗ್ರೇಡಿಗೆ ಸಕ್ಸೆಸ್ ಟೀಚರ್ ಇನ್ನೊಂದು ದಾರಿ ತೋರಿಸಿದರು. ಸ್ಕೂಲ್ ವಿದಿನ್ ಎ ಕಾಲೇಜ್, ಎಲ್ಲರ ಬಾಯಲ್ಲಿ ಸ್ವಾಕ್. ಇದರಲ್ಲಿ ಹೈಸ್ಕೂಲಿನ ಕಟ್ಟಡಕ್ಕೆ ಹೋಗೋದೇ ಬೇಡ. ಕಾಲೇಜಿನೊಳಗೇ ಒಂದು ಕೋಣೆ. ಅಲ್ಲಿ ಹೈಸ್ಕೂಲಿನ ಟೀಚರ್ ಬಂದು ಕಡ್ಡಾಯ ವಿಷಯ ಕಲಿಸುತ್ತಾರೆ, ಉಳಿದ ಹೊತ್ತು ಕಾಲೇಜಿನ ಕೋರ್ಸು. 2023ರ ಸೆಪ್ಟೆಂಬರ್‌ನಿಂದ ಅವನು ಅಲ್ಲಿ. ಹನ್ನೆರಡನೇ ಗ್ರೇಡಿನ ಇಂಗ್ಲಿಷ್, ಹನ್ನೊಂದರ ಗಣಿತ. ಆ ಗಣಿತದಲ್ಲಿ ಚಕ್ರಬಡ್ಡಿ, ಕಾರು ಕೊಳ್ಳುವ ಖರ್ಚು ಇಂಥದ್ದೆಲ್ಲ ಇದ್ದದ್ದರಿಂದ ಸ್ವಲ್ಪ ಸಹನೆ ಇತ್ತು.

ಈ ಸಲದ ಬೇಕಿಂಗ್ ಕೋರ್ಸಿನಲ್ಲಿ ಹೈಸ್ಕೂಲಿನವರು ಕೆಲವರೇ, ಉಳಿದವರೆಲ್ಲ ನಿಜವಾದ ಕಾಲೇಜು ವಿದ್ಯಾರ್ಥಿಗಳು. ಅರ್ಧಕ್ಕರ್ಧ ಪಂಜಾಬು, ಗುಜರಾತು, ಕೇರಳದಿಂದ ಬಂದವರು. ಇವನ ಪಕ್ಕದ ಟೇಬಲಿನಲ್ಲಿ ಲೂಧಿಯಾನಾದ ಒಬ್ಬ ಹುಡುಗ. ರಾತ್ರಿ ಗೋದಾಮಿನಲ್ಲಿ ಕೆಲಸ, ಬೆಳಗ್ಗೆ ಕ್ಲಾಸು. ಅವರಪ್ಪ ಜಮೀನು ಅಡವಿಟ್ಟು ಕಳಿಸಿದ್ದರಂತೆ. ಹೊರದೇಶದವರಿಗೆ ಇಲ್ಲಿ ಫೀಸು ಇಲ್ಲಿನವರ ಕೆಲವು ಪಟ್ಟು. ಇವನು ಇದೇ ಕೋರ್ಸನ್ನು ಪುಕ್ಕಟೆ ಮಾಡುತ್ತಿದ್ದಾನೆ ಅಂತ ಗೊತ್ತಾದಾಗ ಆ ಹುಡುಗ, "ಪುಕ್ಕಟೆ, ಆದ್ರೂ ಲೇಟಾಗಿ ಬರ್ತೀಯಾ?" ಅಂದನಂತೆ. ಮಗ ನಗುತ್ತಾ ಹೇಳಿದ ಈ ಮಾತನ್ನು. ಆಮೇಲೆ ಒಂದು ಬಸ್ಸು ಮೊದಲೇ ಹೊರಡೋಕೆ ಶುರು ಮಾಡಿದ. ನಾನು, ಅವರಪ್ಪ, ಶಾಲೆ, ರೆಕಾರ್ಡೆಡ್ ಹೆಂಗಸು ಎಲ್ಲ ಸೇರಿ ಮೂರು ವರ್ಷ ಹೇಳಿದ್ದನ್ನು ಲೂಧಿಯಾನಾದ ಹುಡುಗ ಒಂದೇ ಮಾತಿನಲ್ಲಿ ಮುಗಿಸಿದ.

ನಮ್ಮವರ ನಡುವೆ ಇದನ್ನು ಹೇಳಿಕೊಳ್ಳೋದು ಬೇರೆಯೇ ಪಾಠ. ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದಾಗ ಮಾತು ಹೋಗೋದೇ ಅಲ್ಲಿಗೆ: ನಿಮ್ಮ ಮಗ ಎಷ್ಟನೇ ಗ್ರೇಡು, ವಾಟರ್‌ಲೂ ಎಂಜಿನಿಯರಿಂಗಾ, ಟೊರಾಂಟೋ ಯೂನಿವರ್ಸಿಟಿಯಾ? "ಕಾಲೇಜಿನಲ್ಲಿ ಬೇಕಿಂಗ್ ಮಾಡ್ತಿದ್ದಾನೆ" ಅಂದರೆ ಒಂದು ಕ್ಷಣ ಹೋಳಿಗೆ ಬಾಯಲ್ಲೇ ನಿಲ್ಲುತ್ತದೆ. "ಹಾಬಿಗಾ?" ಅಂತ ಒಬ್ಬರು ಕೇಳಿದರು. ಬೇಕರ್ ಅನ್ನೋದು ಇಲ್ಲಿ ರೆಡ್ ಸೀಲ್ ಟ್ರೇಡು, ಅಂದರೆ ಕೆನಡಾದ ಬೇರೆ ಪ್ರಾಂತ್ಯಗಳೂ ಒಪ್ಪುವ ಸರ್ಟಿಫಿಕೇಟ್ ಇರುವ ಕಸುಬು ಅಂತ ಹೇಳಿದೆ. ಪಾಪ, ಅವರು ಕೇಳಿದ್ದು ಅದಕ್ಕಲ್ಲ. ಆದರೆ ಅವತ್ತು ಕೈ ತೊಳೆಯುವ ಜಾಗದಲ್ಲಿ ಇನ್ನೊಬ್ಬಾಕೆ ಮೆಲ್ಲಗೆ ಹತ್ತಿರ ಬಂದು, "ಅದೇನದು, ಎರಡು ಕಡೆ ಕ್ರೆಡಿಟ್ ಅಂದ್ರಲ್ಲ, ನನ್ನ ಮಗಳಿಗೆ…" ಅಂತ ಶುರು ಮಾಡಿದರು. ಆಮೇಲೆ ಇಂಥ ಫೋನು ನನಗೆ ಆಗಾಗ ಬರುತ್ತಿವೆ. ಎಲ್ಲರೂ ಮೊದಲು ಹೇಳೋದು, "ಯಾರಿಗೂ ಹೇಳ್ಬೇಡಿ."

ನನ್ನ ತಮ್ಮ ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಫಿಟ್ಟರ್ ಮಾಡಿದವನು. ಅವನ ಕಾಲದಲ್ಲಿ ಐಟಿಐ ಸೇರಿದರೆ ಪಿಯುಸಿಯ ದಾರಿ ಬಿಟ್ಟ ಹಾಗೇ. ಡಿಪ್ಲೊಮಾದವರಿಗಾದರೆ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುವ ಕಿಂಡಿ ಇದೆ, ಅದು ಒಳ್ಳೆಯದೇ. ಆದರೆ ಮೊದಲು ಒಂದು ದಾರಿ ಬಿಟ್ಟು ಇನ್ನೊಂದಕ್ಕೆ ಹೋಗಬೇಕು. ನನ್ನ ಮಗ ಹೈಸ್ಕೂಲು ಬಿಡಲೇ ಇಲ್ಲ. ಹೈಸ್ಕೂಲಿನವನಾಗಿಯೇ ಇನ್ನೊಂದು ಕಡೆ ಕಾಲಿಟ್ಟು ನೋಡಿದ. ಹಿಡಿಸದಿದ್ದರೆ ವಾಪಸ್ ಬರಬಹುದಿತ್ತು. ಫೋನಿನಲ್ಲಿ ತಮ್ಮನಿಗೆ ಹೇಳಿದಾಗ ಅವನು, "ನಮಗೆ ಯಾರೂ ನೋಡಿ ಬಾ ಅನ್ಲಿಲ್ವಲ್ಲ ಅಕ್ಕಾ, ಹೋಗು ಅಂದ್ರು ಅಷ್ಟೇ" ಅಂದ.

2024ರ ಜೂನ್‌ಗೆ ಅವನ ಜೊತೆಯವರು ಗೌನ್ ಹಾಕಿಕೊಂಡರು. ಇವನ ಹತ್ತಿರ 26. ಮೊದಲೆರಡು ವರ್ಷ ಕಳೆದದ್ದನ್ನು ಯಾವ ಯೋಜನೆಯೂ ಮಾಯ ಮಾಡಿ ತುಂಬಿಸೋದಿಲ್ಲ. ಹೈಸ್ಕೂಲಿಗೆ ಐದನೇ ವರ್ಷ ಬರೋದಕ್ಕೆ ಇಲ್ಲಿ ಮಕ್ಕಳು ವಿಕ್ಟರಿ ಲ್ಯಾಪ್ ಅಂತಾರೆ, ವ್ಯಂಗ್ಯವಾಗಿ. ಇವನೂ ಅದನ್ನು ಮಾಡಿದ. ಆ ಹೊತ್ತಿಗೆ ಅವನಿಗೆ 18 ತುಂಬಿತ್ತು, ಶಾಲೆಯೂ ಅವನ ಒಪ್ಪಿಗೆ ಇಲ್ಲದೆ ನನ್ನ ಹತ್ತಿರ ಮಾತಾಡುವ ಹಾಗಿಲ್ಲ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕ್ತೀಯೇನೋ ಅಂದೆ. "ಬೇಡ ಬಿಡಮ್ಮಾ, ನಾನೇ ಹೇಳ್ತೀನಿ" ಅಂದ. ಹೇಳಿದ ಕೂಡ, ಕೇಳಿದ್ದಕ್ಕೆ ಮಾತ್ರ.

2025ರ ಜನವರಿಯಲ್ಲಿ ಮೂವತ್ತನೆಯದು ಬಂತು. ಅದರಲ್ಲಿ ಮೂರು ಡ್ಯುಯಲ್ ಕ್ರೆಡಿಟ್. ಲೆಕ್ಕ ನೋಡಿದರೆ ಮೂವತ್ತರಲ್ಲಿ ಮೂರು, ಇಷ್ಟಕ್ಕೆ ಇಷ್ಟು ಉದ್ದ ಬರೆಯಬೇಕಾ ಅನ್ನಿಸಬಹುದು. ಮೊದಲ ಡ್ಯುಯಲ್ ಕ್ರೆಡಿಟ್‌ಗೆ ಮುಂಚಿನ ಎರಡೂವರೆ ವರ್ಷದಲ್ಲಿ ಬಂದದ್ದು 13. ಆಮೇಲಿನ ಎರಡು ವರ್ಷದಲ್ಲಿ 17.

ಫೋನು ಮಾಡುವವರಿಗೆ ನಾನು ಹೇಳೋದು ಇಷ್ಟು. ಕೌನ್ಸೆಲರ್‌ನ ಕೇಳಿ ಸಾಲದಿದ್ದರೆ ಸ್ಟೂಡೆಂಟ್ ಸಕ್ಸೆಸ್ ಟೀಚರ್ ಯಾರು ಅಂತ ವಿಚಾರಿಸಿ, ನೇರ ಅವರನ್ನೇ ಭೇಟಿಯಾಗಿ. ಫೆಬ್ರವರಿ ಸೆಮಿಸ್ಟರಿಗೆ ಬೇಕಾದರೆ ಅಕ್ಟೋಬರ್‌ನಲ್ಲೇ ಕೇಳಿ, ಜನವರಿಯಲ್ಲಿ ಕೇಳಿದರೆ ಜಾಗ ಇರೋದಿಲ್ಲ. ಕ್ರೆಡಿಟ್ ಹಾಳೆ ಕೊಡಿ ಅನ್ನಿ, ಅದನ್ನು ಮಗುವಿನ ಕೈಗೇ ಕೊಡಿಸಿ. ಕೋರ್ಸು ಬಿಡುವ ಕೊನೆಯ ದಿನಾಂಕ ಯಾವುದು ಅಂತ ಮೊದಲ ವಾರವೇ ತಿಳಿದುಕೊಳ್ಳಿ. ಮತ್ತೆ, ಕೋರ್ಸು ಆರಿಸೋಕೆ ಮಗು ಕೊಡುವ ಕಾರಣ ಪೆದ್ದಾಗಿ ಕಂಡರೂ ಬಿಟ್ಟುಬಿಡಿ. ಗುರುವಾರ ಶಾಲೆ ತಪ್ಪುತ್ತದೆ ಅನ್ನೋದೂ ಒಂದು ಕಾರಣವೇ.

ಮಗ ಈಗ ಒಂದು ಸಗಟು ಬೇಕರಿಯಲ್ಲಿ ಕೆಲಸ ಮಾಡುತ್ತಾನೆ. ರಾತ್ರಿ ಪಾಳಿ. ಬೆಳಗ್ಗೆ ನಾನು ಕಾಫಿ ಸೋಸುವ ಹೊತ್ತಿಗೆ ಬಂದು ಮಲಗುತ್ತಾನೆ. ಡಿಪ್ಲೊಮಾ ಸೇರ್ತೀಯಾ ಅಂತ ಅವರಪ್ಪ ಕೇಳಿದರೆ "ನೋಡಾಣ" ಅಂತಾನೆ. ಸೇರಿದರೆ ಮೂರು ಕೋರ್ಸು ಆಗಲೇ ಮುಗಿದಿದೆ, ಅಷ್ಟರ ಫೀಸು ಉಳಿಯುತ್ತದೆ. ಸೇರುತ್ತಾನೋ ಇಲ್ಲವೋ ಗೊತ್ತಿಲ್ಲ. ಹೋದ ಡಿಸೆಂಬರ್‌ನಲ್ಲಿ ಹಾಸನಕ್ಕೆ ಹೋದಾಗ ಅಜ್ಜಿಗೆ ಮೊಟ್ಟೆ ಇಲ್ಲದ ಬನ್ ಮಾಡಿಕೊಟ್ಟ, ಪಕ್ಕದ ಮನೆಯ ಓವನ್ ಎರವಲು ತಂದು. ಅತ್ತೆ ಒಂದು ತಿಂದು, ಉಪ್ಪು ಸ್ವಲ್ಪ ಕಡಿಮೆ ಅಂದರು. ಇವನು ಒಪ್ಪಲಿಲ್ಲ. ಹಿಟ್ಟಿನ ಎರಡು ಪರ್ಸೆಂಟ್ ಹಾಕಿದ್ದೀನಿ, ಅದೇ ಸರಿ ಅಂತ ವಾದಕ್ಕೆ ಕೂತ.